ಎಳ್ಳು ಬೆರೆತ ಅನ್ನ

ಮೊದಲು ಕೇಳಿಸಿದ್ದು ಹಲ್ಲು ಕಡಿಯುವ ಸದ್ದು. ತೀರ ಸಣ್ಣ ಸದ್ದು. ಬೇರೆ ಯಾರಾದರೂ ಇಲಿ ಮರ ಕೆರೆಯುತ್ತಿದೆ ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಅದು ಗೋಡೆಯಾಚೆಯ ಕೊಟ್ಟಿಗೆಯಿಂದ, ನೆರೆಮನೆಯ ಫಾಜಿಯ ಹಸುವಿನ ಬಾಯಿಂದ ಬರುತ್ತಿದೆ ಎಂದು ಕೊಂಗಮಾಲಳಿಗೆ ತಕ್ಷಣ ತಿಳಿಯಿತು. ಹೊದಿಕೆಯೊಳಗಿನ ಕೆಂಡದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅವಳು ಎದ್ದು ಕುಳಿತಳು.

ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ, ಪಂಡಿತರ ಸೊಸೆಯಾದರೂ, ಅವಳು ಏಳುತ್ತಿದ್ದುದು ಮಸೀದಿಯ ಬಾಂಗು ಕೇಳಿ. ಲಾಹೋರಿನ ದೊರೆಯ ಸೈನ್ಯ ಈ ಕಣಿವೆಯನ್ನು ಗೆದ್ದ ಮೇಲೆ ಬಾಂಗು ನಿಂತಿತು, ದೊಡ್ಡ ಮಸೀದಿಗೆ ಬೀಗ ಬಿತ್ತು. ಅಂದಿನಿಂದ ಅವಳ ಪಾಲಿನ ರಾತ್ರಿಗೆ ಅಳತೆ ಕೊಡುತ್ತಿದ್ದುದು ಆ ಹಸುವೇ. ನಡುರಾತ್ರಿ ಒಮ್ಮೆ ಮೆಲುಕು ಹಾಕುತ್ತಿತ್ತು. ಬೆಳಗಾಗುವ ಮೊದಲು ಇನ್ನೊಮ್ಮೆ. ಹಣೆಯ ಮೇಲೆ ಬಿಳಿ ಮಚ್ಚೆ ಇದ್ದುದರಿಂದ ಅದಕ್ಕೆ ಜೂನ್ ಎಂದು, ಕಣಿವೆಯ ಮಾತಿನಲ್ಲಿ ಚಂದ್ರನಿಗಿರುವ ಹೆಸರನ್ನೇ ಇಟ್ಟಿದ್ದರು.

ಇದು ಮೆಲುಕಲ್ಲ. ಹಲ್ಲು ಹಲ್ಲಿಗೆ ತಿಕ್ಕಿ, ನಡುವೆ ಒಂದು ನರಳಾಟ, ಮತ್ತೆ ತಿಕ್ಕಾಟ.

ಏಕೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳುತ್ತ ಕತ್ತಲಲ್ಲಿ ಕುಳಿತಳು.

ಅಂದು ಹಗಲು ಅತ್ತೆಯ ಮೊದಲ ವರ್ಷದ ತಿಥಿ. ಹಿಂದಿನ ವರ್ಷ, ನಿಂತ ಪೈರಿನ ಮೇಲೆಯೇ ಹಿಮ ಬಿದ್ದು ಭತ್ತವೆಲ್ಲ ಕಪ್ಪಾದ ಮೇಲೆ, ಊರಿಗೆ ಊರೇ ಮರದ ತೊಗಟೆ ಕುಟ್ಟಿ ತಿಂದಾಗ, ಮುದುಕಿ ಹಾಸಿಗೆ ಹಿಡಿದಳು. ಕೊನೆಯ ದಿನ ಕೇಳಿದ್ದು ಒಂದೇ: "ಒಂದು ತುತ್ತು ಅನ್ನ ಕೊಡೇ." ಕೊಂಗಮಾಲ, "ಎಲ್ಲಿಂದ ತರಲಿ ಅತ್ತೆ, ಮನೇಲಿ ಒಂದು ಕಾಳೂ ಇಲ್ಲ" ಎಂದಿದ್ದಳು. ಇತ್ತು. ಕಚೇರಿಗೆ ಹೋಗುವ ಗಂಡ ದಾರಿಯಲ್ಲಿ ತಲೆ ತಿರುಗಿ ಬೀಳಬಾರದೆಂದು ಎರಡು ಹಿಡಿ ಅಕ್ಕಿಯನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ಅಡಗಿಸಿಟ್ಟಿದ್ದಳು. ಅತ್ತೆ ಆ ರಾತ್ರಿ ಹೋದಳು.

ಈ ವರ್ಷ ಹೊಸ ಅಕ್ಕಿ ಬಂತು. ಗಂಡ ವಾಸ ಕಾಕ ಶಾಲುಗಳಿಗೆ ಸರ್ಕಾರದ ಮುದ್ರೆ ಒತ್ತುವ ಕಚೇರಿಯಲ್ಲಿ ಗುಮಾಸ್ತ, ಫಾರಸಿ ಭಾಷೆ ಬರೆಯುವವನು. ಅವನ ಪಾಲಿನ ಅಕ್ಕಿ ಸರ್ಕಾರಿ ಉಗ್ರಾಣದಿಂದ ಸರಿಯಾಗಿ ಬಂತು. ಅಂಥ ಪಾಲಿಲ್ಲದ ಮನೆಗಳಲ್ಲಿ, ಫಾಜಿಯ ಮನೆಯಲ್ಲೂ, ಇನ್ನೂ ಕೆರೆಯಲ್ಲಿ ಬೆಳೆಯುವ ಮುಳ್ಳಿನ ಕಾಯಿ ಸಿಂಘಾಡದ ಹಿಟ್ಟಿನ ರೊಟ್ಟಿಯೇ ನಡೆದಿತ್ತು.

ಪುರೋಹಿತರು ಪಿಂಡ ಇಡಿಸಿ, ಉಂಡು ಹೊರಟರು. ವಾಸ ಕಾಕನೂ ಕಚೇರಿಗೆ ಹೋದ. ಹಸುವಿಗೆ ಒಂದು ಪಿಂಡ ಕೊಡುವುದು ಪದ್ಧತಿ. ಅದು ತಿಂದದ್ದು ಹೋದವರಿಗೆ ಮುಟ್ಟುತ್ತದೆ. ಕೊಂಗಮಾಲಳಿಗೆ ಒಂದು ಪಿಂಡ ಸಾಲದೆನಿಸಿತು. ಅವಳು ಯಾರಿಗೂ ಹೇಳದೆ ದೊಡ್ಡ ಹಂಡೆಯ ತುಂಬ ಅನ್ನ ಮಾಡಿದ್ದಳು. ಅದಕ್ಕೆ ಕರಿ ಎಳ್ಳು ಬೆರೆಸಿ ಹಿತ್ತಾಳೆಯ ಪಾತ್ರೆಗೆ ತುಂಬಿ, ಗೋಡೆಯ ಕಿರುಬಾಗಿಲಿನಿಂದ ಹೋಗಿ ಜೂನ್‌ನ ಬಾನಿಗೆ ಸುರಿದಳು. ಫಾಜಿ ನೂತ ನೂಲು ಒಪ್ಪಿಸಲು ಮಕ್ಕಳನ್ನೂ ಕರೆದುಕೊಂಡು ವ್ಯಾಪಾರಿಯ ಮನೆಗೆ ಹೋಗಿದ್ದಳು. ಅವಳ ಗಂಡ ಸಿದಿಕ್ ಕಾರ್ಖಾನೆಯ ಮಗ್ಗದಲ್ಲಿದ್ದ. ಅವರಿಲ್ಲದ ಹೊತ್ತನ್ನೇ ಕೊಂಗಮಾಲ ಆರಿಸಿಕೊಂಡಿದ್ದಳು. ಅನ್ನದ ರುಚಿ ಮರೆತ ಮಕ್ಕಳಿರುವ ಮನೆಯ ಕೊಟ್ಟಿಗೆಗೆ ಅನ್ನ ಹೊತ್ತು ಹೋಗುವುದನ್ನು ಅವರ ಕಣ್ಣೆದುರು ಮಾಡುವುದು ಹೇಗೆ?

ಒಂದು ವರ್ಷ ವಿಲ್ಲೋ ಸೊಪ್ಪು ತಿಂದು ಪಕ್ಕೆಲುಬು ಎದ್ದಿದ್ದ ಹಸು ಕಣ್ಣು ಮುಚ್ಚಿಕೊಂಡು ತಿಂದಿತು. ಅವಳು ಮತ್ತೊಮ್ಮೆ ಪಾತ್ರೆ ತುಂಬಿಕೊಂಡು ಬಂದಳು. ಮೂರನೆಯ ಸಲವೂ. ಹಸು ಬಾನಿ ನೆಕ್ಕಿ ತಲೆಯೆತ್ತಿ ನೋಡಿದಾಗ, ಅತ್ತೆ ತುತ್ತು ಇಳಿಸಿಕೊಂಡು ನೋಡುವಂತೆ ಕಂಡಿತು. ಅಷ್ಟರಲ್ಲಿ ಓಣಿಯಲ್ಲಿ ಯಾರದೋ ಮಾತು. ಅವಳು ಓಡಿ ಬಂದುಬಿಟ್ಟಳು.

ಈಗ, ಕತ್ತಲಲ್ಲಿ, ಅವಳಿಗೆ ಪಾತ್ರೆ ನೆನಪಾಯಿತು. ಅದು ಅಲ್ಲಿಯೇ, ಬಾನಿಯ ಪಕ್ಕದಲ್ಲಿ ಉಳಿದಿತ್ತು. ಅಂಚಿನ ಮೇಲೆ ಪಂಡಿತರು ಬಳಸುವ ಶಾರದಾ ಲಿಪಿಯಲ್ಲಿ ಮಾವನ ಹೆಸರು ಕೆತ್ತಿದ, ಈ ಓಣಿಯಲ್ಲಿ ಇನ್ನೊಂದಿಲ್ಲದ ಪಾತ್ರೆ.

ಫಾಜಿಯನ್ನು ಎಬ್ಬಿಸಬೇಕು. ಹಸುವಿಗೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರುತ್ತದೆ. ಎಬ್ಬಿಸಿದರೆ ಏನು ತಿನ್ನಿಸಿದೆ ಎಂದು ಹೇಳಬೇಕು. ಎಷ್ಟು ಎಂದೂ ಹೇಳಬೇಕು. ಫಾಜಿ ಇವಳ ಮಗಳು ಗುಣವತಿಗೆ ಹಾಲೂಡಿಸಿದವಳು. ಹೆರಿಗೆಯಾಗಿ ಕೊಂಗಮಾಲಳಿಗೆ ಜ್ವರ ಬಂದು ಎದೆ ಬತ್ತಿದಾಗ ಆರು ತಿಂಗಳು ತನ್ನ ಮಗುವಿನ ಪಾಲನ್ನು ಇವಳ ಮಗುವಿಗೆ ಕೊಟ್ಟವಳು. ಅಂಥವಳಿಗೆ 'ನಿನ್ನ ಮಕ್ಕಳಿಗಲ್ಲ, ನಿನ್ನ ದನಕ್ಕೆ ಅನ್ನ ಇಟ್ಟೆ' ಎನ್ನುವುದು ಹೇಗೆ? ಇನ್ನೊಂದು ಗಳಿಗೆ ನೋಡೋಣ ಎಂದು ಕೊಂಗಮಾಲ ಕುಳಿತಳು. ಆಮೇಲೆ ಇನ್ನೊಂದು ಗಳಿಗೆ. ಕಿಟಕಿಯ ಜಾಲರಿ ಬೂದುಬಣ್ಣಕ್ಕೆ ತಿರುಗುವ ಹೊತ್ತಿಗೆ ಸದ್ದು ತಾನಾಗಿಯೇ ನಿಂತಿತು.

ಬೆಳಕು ಹರಿಯುತ್ತಲೇ ಫಾಜಿ ಕಿರುಬಾಗಿಲು ತಳ್ಳಿಕೊಂಡು ಬಂದಳು. ತಲೆಯ ಮೇಲಿನ ಬಟ್ಟೆ ಹೆಗಲಿಗೆ ಜಾರಿತ್ತು.

"ಬೆನಿ, ಜೂನ್ ಹೋಯ್ತು."

ಅಕ್ಕತಂಗಿಯರು ಕರೆದುಕೊಳ್ಳುವಂತೆ ಇಬ್ಬರೂ ಒಬ್ಬರನ್ನೊಬ್ಬರು ಬೆನಿ ಎಂದೇ ಕರೆಯುತ್ತಿದ್ದರು.

"ಹೋಯ್ತು ಅಂದ್ರೆ?"

"ಸತ್ತು ಬಿದ್ದಿದೆ. ಹೊಟ್ಟೆ ನಗಾರಿ ಥರ ಆಗಿದೆ. ಕಾಲು ನಾಲ್ಕೂ ಆ ಕಡೆಗೆ ಚಾಚಿ..." ಫಾಜಿ ನೆಲದ ಮೇಲೆ ಕುಸಿದಳು. "ಹಾಲು ಹೋದ್ರೆ ಹೋಗ್ಲಿ ಬೆನಿ. ನನ್ನ ಗಂಡನ ಗತಿ ಏನು? ನಮ್ಮ ಕೊಟ್ಟಿಗೇಲಿ ಹಸು ಸತ್ತಿದೆ ಅಂದ್ರೆ ಯಾರು ನಂಬ್ತಾರೆ?"

ನಂಬುವುದಿಲ್ಲವೆಂದು ಕೊಂಗಮಾಲಳಿಗೂ ಗೊತ್ತಿತ್ತು. ಲಾಹೋರಿನವರ ಆಳ್ವಿಕೆಯಲ್ಲಿ ಗೋವನ್ನು ಕೊಂದವನಿಗೆ ನೇಣು. ಆಚೆ ಕೇರಿಯಲ್ಲಿ ಒಬ್ಬನನ್ನು ಸೇತುವೆಯ ಬಳಿ ನೇತುಹಾಕಿ ಮೂರು ದಿನ ಬಿಟ್ಟಿದ್ದರು. ಅವನು ಕೊಂದಿದ್ದನೋ, ಬರದಲ್ಲಿ ಸತ್ತದ್ದನ್ನು ತಿಂದಿದ್ದನೋ, ಯಾರೂ ಗಟ್ಟಿಯಾಗಿ ಕೇಳಿರಲಿಲ್ಲ. ಸಿದಿಕ್ ಅದನ್ನೂ ತಮಾಷೆ ಮಾಡುತ್ತಿದ್ದ: "ನಾನು ಸತ್ರೆ ನಾಲ್ಕು ಜನ ಬಂದು ಎತ್ಕೊಂಡು ಹೋಗ್ತಾರೆ. ನಮ್ಮ ಜೂನ್ ಸತ್ರೆ ನೋಡಿ, ಕೊತ್ವಾಲಿಗೆ ಕೊತ್ವಾಲಿಯೇ ಬರುತ್ತೆ. ಮನೇಲಿ ಮರ್ಯಾದೆ ಯಾರಿಗೆ ಅಂತ ಗೊತ್ತಾಯ್ತಲ್ಲ!"

"ನಿಮ್ಮವರ ಕೈಲಿ ಎರಡು ಮಾತು ಬರೆಸಿ ಕೊಡು," ಎಂದಳು ಫಾಜಿ. "ಪಂಡಿತರು, ಕಚೇರಿಯವರು. ಹಸು ತಾನಾಗೇ ಸತ್ತಿತು ಅಂತ ಅವರು ಬರೆದ್ರೆ ಮುಗೀತು. ನೀನು ರಾತ್ರಿ ನಿದ್ದೆ ಮಾಡಲ್ಲ, ನಿನಗೇನಾದ್ರೂ ಕೇಳಿಸ್ತಾ?"

"ಇಲ್ಲ," ಎಂದಳು ಕೊಂಗಮಾಲ. "ನಿನ್ನೆ ತಿಥಿ ಕೆಲಸ. ಸುಸ್ತಾಗಿ ಮಲಗಿಬಿಟ್ಟಿದ್ದೆ."

ಫಾಜಿ ಅವಳ ಮುಖವನ್ನು ಒಂದು ಕ್ಷಣ ನೋಡಿ ಎದ್ದಳು. ಪಾತ್ರೆಯ ಮಾತು ಎತ್ತಲಿಲ್ಲ. ಕೊಂಗಮಾಲ ಅವಳ ಹಿಂದೆಯೇ ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಇಣುಕಿದಳು. ಹಸು ಬಿದ್ದಿತ್ತು. ಬಾನಿ ಇತ್ತು. ಪಾತ್ರೆ ಅಲ್ಲಿರಲಿಲ್ಲ.

ಒಳಗೆ ವಾಸ ಕಾಕ ಹಣೆಗೆ ಕೇಸರಿಯ ತಿಲಕ ಇಡುತ್ತಿದ್ದ. ಹಸು ಸತ್ತದ್ದನ್ನೂ ಫಾಜಿ ಕೇಳಿದ್ದನ್ನೂ ಅವಳು ಹೇಳಿದಳು.

"ನಾನು ನೋಡಿದ್ದೀನಾ ಅದು ಸತ್ತದ್ದನ್ನ?"

"ಇಲ್ಲ."

"ನೀನು?"

ಇಲ್ಲಿ ಹೇಳಿಬಿಡಬಹುದಿತ್ತು. ಅವನ ಕೈಯಲ್ಲಿ ಕನ್ನಡಿ, ಬೆರಳ ತುದಿಯಲ್ಲಿ ಕೇಸರಿ. ಹೇಳಿದರೆ ಏನಾಗುತ್ತದೆಂದು ಅವಳು ರಾತ್ರಿಯಿಡೀ ಲೆಕ್ಕ ಹಾಕಿದ್ದಳು. ಹೆಂಡತಿಯ ಕೈಯಿಂದ ಗೋಹತ್ಯೆಯಾದ ಗುಮಾಸ್ತನನ್ನು ಕಚೇರಿಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ಪ್ರಾಯಶ್ಚಿತ್ತ ಮುಗಿಯುವವರೆಗೆ ಒಲೆ ಮುಟ್ಟುವಂತಿಲ್ಲ. ಬಾರಾಮುಲ್ಲಾದಲ್ಲಿ ಮಗಳ ಅತ್ತೆಮನೆಯವರು ಏನು ಹೇಳುತ್ತಾರೆ?

"ಇಲ್ಲ," ಎಂದಳು.

"ನೋಡದೆ ಬರೆದದ್ದು ಸುಳ್ಳು ಸಾಕ್ಷಿ. ನನ್ನ ಲೇಖನಿ ಹೋದ್ರೆ ಈ ಮನೆಗೆ ಏನಿದೆ?" ಅವನು ಕನ್ನಡಿ ಕೆಳಗಿಟ್ಟ. ಕೆಟ್ಟ ಮನುಷ್ಯನೇನಲ್ಲ. "ಸಿದಿಕ್‌ಗೆ ಹೇಳು, ಯಾರಾದ್ರೂ ಚಾಡಿ ಹೇಳೋ ಮೊದಲು ತಾನೇ ಕೊತ್ವಾಲಿಗೆ ಹೋಗ್ಲಿ. ಬಚ್ಚಿಟ್ಟವನಿಗಿಂತ ಬಂದು ಹೇಳಿದವನಿಗೆ ಶಿಕ್ಷೆ ಕಡಿಮೆ."

"ತಪ್ಪೇ ಮಾಡದವನಿಗೆ ಶಿಕ್ಷೆ ಯಾಕೆ?"

"ನೀನು ಅದನ್ನ ನನ್ನ ಕೇಳಿದ ಹಾಗೆ ಅಲ್ಲಿ ಕೇಳೋಕಾಗಲ್ಲ," ಎಂದು ವಾಸ ಕಾಕ ಪೇಟ ಸುತ್ತಿಕೊಂಡು ಹೊರಟ.

ಸಿದಿಕ್ ತಾನೇ ಹೋಗಿ ಹೇಳಿದ. ಬಿಸಿಲು ಅಂಗಳಕ್ಕಿಳಿಯುವ ಹೊತ್ತಿಗೆ ಅವನ ಜೊತೆ ಜಮಾದಾರ ಮಗ್ಘರ್ ಸಿಂಗ್, ನಾಲ್ವರು ಸಿಪಾಯಿಗಳು, ಕೊತ್ವಾಲಿಯ ಮುನ್ಷಿ ಬಂದರು. ಕೊಂಗಮಾಲ ಮಹಡಿಯ ಜಾಲರಿ ಕಿಟಕಿಯ ಹಿಂದೆ ನಿಂತಳು. ಅಲ್ಲಿಂದ ಫಾಜಿಯ ಅಂಗಳ, ಕೊಟ್ಟಿಗೆ, ಬಾಗಿಲಿನೊಳಗೆ ರಾಟೆ ಇಟ್ಟ ಜಾಗ, ಎಲ್ಲವೂ ಕಾಣುತ್ತಿತ್ತು. ಮಾತು ಕೂಡ ಒಂದೂ ತಪ್ಪದೆ ಕೇಳಿಸುತ್ತಿತ್ತು.

"ಬರ್ಕೊಳ್ಳಿ ಸರ್ದಾರ್‌ಜೀ," ಎಂದ ಮುನ್ಷಿ. ಅವನು ಊರಿನವನೇ, ಜಮಾದಾರನ ಮುಂದೆ ಅವನ ದನಿ ಎತ್ತರಕ್ಕೇರಿತ್ತು. "ರಾತ್ರಿ ಕುತ್ತಿಗೆ ಹಿಸುಕಿ ಕೊಂದಿದ್ದಾರೆ. ಮಾಂಸ ಹಂಚ್ಕೊಳ್ಳೋ ಹೊತ್ತಿಗೆ ಬೆಳಗಾಗಿದೆ."

"ಬರೆಯೋನು ನಾನೋ ನೀನೋ?" ಎಂದ ಜಮಾದಾರ. ದಪ್ಪ ಮನುಷ್ಯ, ನರೆತ ಗಡ್ಡ. "ಏ ಮುನ್ಷಿ, ನೀನು ಯಾವತ್ತಾದ್ರೂ ದನ ಕಟ್ಟಿದ್ದೀಯಾ?"

"ಇಲ್ಲ ಸರ್ದಾರ್‌ಜೀ."

"ಹಸು ಕುತ್ತಿಗೆ ಹಿಸುಕೋಕೆ ಹೋಗಿ ನೋಡು ಒಂದ್ಸಲ. ನಿನ್ನ ಹಲ್ಲೆಲ್ಲ ನಾನು ಆರಿಸಿ ಕೊಡ್ತೀನಿ."

ಸಿಪಾಯಿಗಳು ನಕ್ಕರು. ಸಿದಿಕ್ ಕೂಡ, ಗೋಡೆಗೊರಗಿ ನಿಂತವನು, ಅರೆಗಳಿಗೆ ನಕ್ಕ.

ಜಮಾದಾರ ಕತ್ತಿಯನ್ನು ಹಿಂದಕ್ಕೆ ಸರಿಸಿ ಹಸುವಿನ ಪಕ್ಕದಲ್ಲಿ ಮಂಡಿಯೂರಿದ. ಅವನು ಅದನ್ನು ಮುಟ್ಟಿದ ರೀತಿಯಲ್ಲೇ ರೈತನ ಮಗನೆಂದು ತಿಳಿಯುತ್ತಿತ್ತು. ಎಡಪಕ್ಕೆಯ ಮೇಲೆ ಅಂಗೈ ಇಟ್ಟು ಒತ್ತಿದ, ಬೆರಳಿನಿಂದ ತಟ್ಟಿ ಕಿವಿಗೊಟ್ಟ. ಕುತ್ತಿಗೆಯ ಸುತ್ತ ಕೂದಲು ಸರಿಸಿ ನೋಡಿದ. ಆಮೇಲೆ ದವಡೆ ಬಿಡಿಸಿ ಬಾಯೊಳಗೆ ಕೈ ಹಾಕಿ, ಕೆನ್ನೆಯ ಸಂದಿನಿಂದ ಏನನ್ನೋ ತೆಗೆದು ಬಿಸಿಲಿಗೆ ಹಿಡಿದ.

"ಕತ್ತಿಯೂ ಇಲ್ಲ, ಹಗ್ಗವೂ ಇಲ್ಲ. ಅನ್ನ ತಿಂದು ಸತ್ತಿದೆ," ಎಂದ. "ವರ್ಷಗಟ್ಟಲೆ ಹಸಿದ ದನಕ್ಕೆ ಹೊಟ್ಟೆ ತುಂಬ ಅನ್ನ ಹಾಕಿದ ಪುಣ್ಯಾತ್ಮ ಯಾರು? ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು, ಹಾಕಬಾರದು ಅಂತ."

ಕೊಂಗಮಾಲಳ ಅಂಗೈ ಜಾಲರಿಗೆ ಅಂಟಿಕೊಂಡಿತ್ತು. ಅವಳ ಊರಿನಲ್ಲಿ, ಅವಳ ಮನೆಯಲ್ಲಿ, ದನ ಕಟ್ಟಿದವರಿರಲಿಲ್ಲ. ಹಸುವಿಗೆ ತುತ್ತು ಕೊಡುವುದಷ್ಟೇ ಅವಳಿಗೆ ಗೊತ್ತಿತ್ತು.

"ಅನ್ನ?" ಮುನ್ಷಿಗೆ ಹೊಸ ಹುರುಪು ಬಂತು. "ನೇಕಾರನ ಮನೇಲಿ ಅನ್ನ ಎಲ್ಲಿಂದ ಬಂತು? ನೇಕಾರರಿಗೆ ಉಗ್ರಾಣದಿಂದ ಒಂದು ಹಿಡೀನೂ ಕೊಟ್ಟಿಲ್ಲ. ಕದ್ದದ್ದು! ಮನೆ ಹುಡುಕಿ."

ಸಿಪಾಯಿಗಳು ಒಳಗೆ ನುಗ್ಗಿದರು. ಮಡಕೆಗಳನ್ನು ಬೋರಲು ಹಾಕಿದರು. ಚಾಪೆ ಎತ್ತಿದರು, ಒಲೆಯ ಬೂದಿ ಕೆದಕಿದರು, ಬೆರಣಿಯ ರಾಶಿಯನ್ನು ಬರ್ಜಿಯಿಂದ ತಿವಿದರು. ಒಂದೊಂದು ಸದ್ದಿಗೂ ಕೊಂಗಮಾಲ ಕಣ್ಣು ಮುಚ್ಚಿದಳು. ಈಗ ಹಿತ್ತಾಳೆಯ ಸದ್ದು ಬರುತ್ತದೆ. ಈಗ ಪಾತ್ರೆ ಹೊರಗೆ ಬರುತ್ತದೆ, ಮುನ್ಷಿ ಅಂಚಿನ ಹೆಸರು ಓದುತ್ತಾನೆ. ರಾಟೆಯ ಪಕ್ಕದಲ್ಲಿ ಉಣ್ಣೆಯ ಮೂಟೆ ಇತ್ತು. ಬಾಯಿ ಹೊಲಿದು ಸರ್ಕಾರದ ಮೊಹರು ಹಾಕಿದ ಮೂಟೆ. ಸಿಪಾಯಿಗಳು ಅದನ್ನು ಮುಟ್ಟದೆ ದಾಟಿದರು.

ಪಾತ್ರೆ ಸಿಗಲಿಲ್ಲ. ಅವಳ ಎದೆಯಿಂದ ಒಂದು ನಿಟ್ಟುಸಿರು ಹೊರಟಿತು. ನೆಮ್ಮದಿಯ ಉಸಿರು. ಆ ಉಸಿರನ್ನು ಅವಳು ಮುಂದೆ ಎಂದೂ ಮರೆಯಲಿಲ್ಲ.

"ಕದ್ದದ್ದಲ್ಲ," ಎಂದಳು ಫಾಜಿ. ಅವಳು ಅಂಗಳದ ನಡುವೆ ಬಂದು ನಿಂತಿದ್ದಳು. "ನಾನೇ ಹಾಕಿದೆ. ಉಣ್ಣೆ ತೊಳೆಯೋಕೆ ವ್ಯಾಪಾರಿ ಕೊಟ್ಟ ಅಕ್ಕಿ."

ಸಿದಿಕ್ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಆ ಅಕ್ಕಿಯ ವಿಷಯ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಎಣ್ಣೆಯಂಟಿದ ಮೇಕೆಯ ತುಪ್ಪಳವನ್ನು ನೆನೆಸಿದ ಅಕ್ಕಿಯ ಹಿಟ್ಟಿನಲ್ಲಿ ನಾದಿ ತೆಗೆದರೆ ಮಾತ್ರ ಕೂದಲೆಳೆಯಂಥ ನೂಲು ಬರುತ್ತದೆ. ಅದಕ್ಕೆಂದೇ ವ್ಯಾಪಾರಿ ಅಳೆದು ಅಕ್ಕಿ ಕೊಡುತ್ತಾನೆ. ಬರದ ವರ್ಷ ಎಷ್ಟೋ ಮನೆಗಳಲ್ಲಿ ಅದನ್ನು ಬೇಯಿಸಿ ತಿಂದರು. ಫಾಜಿ ತಿನ್ನಲಿಲ್ಲ. ಎರಡನೆಯ ಮಗ ಜ್ವರದಲ್ಲಿ ಅನ್ನ ಅನ್ನ ಎಂದಾಗಲೂ ಮುಟ್ಟಲಿಲ್ಲ. ಬಾಗಿಲ ಹೊರಗೆ ಕುಳಿತು ಅತ್ತಿದ್ದಳು. ಫಾಜಿಯ ನೂಲನ್ನು ತೂಗದೆ ಕೊಳ್ಳಬಹುದೆಂದು ವ್ಯಾಪಾರಿ ಹತ್ತು ಜನರೆದುರು ಹೇಳುತ್ತಿದ್ದ.

"ಎಳ್ಳು ಯಾಕೆ?" ಎಂದ ಜಮಾದಾರ.

"ಏನು?"

"ಅನ್ನದಲ್ಲಿ ಕರಿ ಎಳ್ಳಿದೆ." ಅವನು ಅಂಗೈ ಚಾಚಿದ.

ಫಾಜಿ ಆ ಅಂಗೈಯನ್ನು ನೋಡಿದಳು. ಆಮೇಲೆ ತಲೆಯೆತ್ತಿ, ನೇರವಾಗಿ ಮಹಡಿಯ ಜಾಲರಿಯನ್ನು ನೋಡಿದಳು. ಕಣ್ಣಲ್ಲಿ ಕೋಪವಿರಲಿಲ್ಲ. ಗುಣವತಿ ಹುಟ್ಟಿದ ಹೊಸತರಲ್ಲಿ, 'ಮಗು ಎದ್ದಿದ್ಯಾ, ತರ್ತೀಯಾ?' ಎಂದು ಆ ಕಿಟಕಿಯತ್ತ ನೋಡುತ್ತಿದ್ದ ನೋಟವೇ. ಉತ್ತರಕ್ಕೆ ಕಾಯುವ ನೋಟ.

ಕೊಂಗಮಾಲ ಬಾಯಿ ತೆರೆದಳು. ಕಚೇರಿ, ಒಲೆ, ಬಾರಾಮುಲ್ಲಾ.

"ಹಸುವಿಗೆ ಕೆಮ್ಮಿತ್ತು," ಎಂದಳು ಫಾಜಿ, ಇನ್ನೂ ಮೇಲೆ ನೋಡುತ್ತಲೇ. "ಎಳ್ಳು ಒಳ್ಳೇದು ಅಂತ ಯಾರೋ ಹೇಳಿದ್ರು."

ಜಮಾದಾರ ಅವಳ ನೋಟ ಹೋದ ಕಡೆಗೆ ತಾನೂ ನೋಡಿದ. ಅಂಗೈಯಲ್ಲಿದ್ದುದನ್ನು ಬೆರಳಿನಿಂದ ಮೆಲ್ಲಗೆ ಕದಡಿದ. "ನಮ್ಮೂರಲ್ಲೂ ಸತ್ತವರಿಗೆ ಹೀಗೇ ಕಲಸಿ ಇಡ್ತಾರೆ," ಎಂದ. ಮುನ್ಷಿಗಲ್ಲ, ಫಾಜಿಗೂ ಅಲ್ಲ. ಅವಸರವಿಲ್ಲದವನಂತೆ ಗಡ್ಡ ನೀವಿಕೊಂಡ. ಗೋಡೆಯ ಮೇಲೆ ಒಂದು ಗುಬ್ಬಿ ಬಂದು ಕುಳಿತು ಹಾರಿಹೋಯಿತು. ಅಷ್ಟು ಹೊತ್ತು ಅವನು ಕಾದ.

ಮೇಲಿನಿಂದ ಯಾರೂ ಮಾತಾಡಲಿಲ್ಲ.

ಅವನು ಅಂಗೈ ಕೊಡವಿದ. "ಬರಿ ಮುನ್ಷಿ. ದನ ಹೊಟ್ಟೆಯುಬ್ಬರದಿಂದ ಸತ್ತಿದೆ. ಕೊಲೆಯಲ್ಲ."

"ಸರ್ಕಾರದ ಶಾಲಿನ ಕೆಲಸದ ಅಕ್ಕೀನ ದನಕ್ಕೆ ಹಾಕಿದ್ದಾಳೆ ಸರ್ದಾರ್‌ಜೀ! ಆಮೇಲೆ ಆ ದನಾನೂ ಸತ್ತಿದೆ. ನಾಳೆ ಮೇಲಿನವರು ಕೇಳಿದ್ರೆ, ಕೊತ್ವಾಲಿ ಬರಿಗೈಲಿ ಬಂತು ಅಂತ ಬರೀಲಾ?"

ಜಮಾದಾರ ಸಿದಿಕ್‌ನನ್ನು ಮೇಲಿಂದ ಕೆಳಗೆ ನೋಡಿದ. "ಪೂಂಛ್ ಕಣಿವೆ ದಾಟಿಸೋಕೆ ದಂಡಿನ ಹೊರೆ ಇದೆ. ನಲವತ್ತು ಜನ ಬೇಕು, ಮೂವತ್ತೊಂಬತ್ತು ಸಿಕ್ಕಿದ್ದಾರೆ," ಎಂದ. ಆಮೇಲೆ ದನಿ ತಗ್ಗಿಸಿ, "ನೇಣಿಗಿಂತ ಹೊರೆ ಹಗುರ ಕಣಯ್ಯಾ. ಹೋಗಿ ಬಾ."

"ಅವನು ನೇಕಾರ ಸರ್ದಾರ್!" ಎಂದು ಫಾಜಿ ಕೂಗಿದಳು. "ನೇಕಾರರನ್ನ ಬಿಟ್ಟಿ ಹೊರೆಗೆ ಹಿಡಿಯಲ್ಲ. ತಪ್ಪು ನಂದು, ನನ್ನ ಹೊಡೀರಿ!"

"ಹೆಂಗಸಿನ ಬೆನ್ನ ಮೇಲೆ ಹೊರೆ ಹೊರಿಸೋಕೆ ನನಗೆ ಅಪ್ಪಣೆ ಇಲ್ಲವಮ್ಮ," ಎಂದು ಅವನು ತಿರುಗಿದ. ಹೋಗುವಾಗ ಮಹಡಿಯತ್ತ ಮತ್ತೆ ನೋಡಲಿಲ್ಲ.

ಸಿದಿಕ್ ಹುಲ್ಲಿನ ಚಪ್ಪಲಿ ಕಟ್ಟಿಕೊಳ್ಳುತ್ತ ಹೆಂಡತಿಗೆ ಮೆಲ್ಲಗೆ ಕೇಳಿದ್ದು ಕೊಂಗಮಾಲಳಿಗೆ ಕೇಳಿಸಿತು. "ನಿಜವಾಗ್ಲೂ ಹಾಕಿದ್ಯೇನೇ? ಮಗುವಿಗೆ ಕೊಡದ ಅಕ್ಕೀನ?"

ಫಾಜಿ ಹೂಂ ಎಂದಳು.

ಅವನು ಮತ್ತೇನೂ ಕೇಳದೆ ಹೊರಟುಹೋದ.

ಹೊರೆಗೆ ಹೋದವರು ಹದಿನೈದು ದಿನದಲ್ಲಿ ಬರಬೇಕಿತ್ತು. ಕಣಿವೆಯಲ್ಲಿ ಹಿಮ ಬೇಗ ಬಿದ್ದು ಆಚೆಯೇ ಸಿಕ್ಕಿಕೊಂಡರು. ಮಾರ್ಗಶಿರ ಕಳೆಯಿತು, ಪುಷ್ಯ ಕಳೆಯಿತು. ವ್ಯಾಪಾರಿ ತನ್ನ ಉಣ್ಣೆ, ಅಕ್ಕಿ ಎಲ್ಲವನ್ನೂ ವಾಪಸು ತರಿಸಿಕೊಂಡ. ಅಕ್ಕಿಯನ್ನು ಅಳೆದರೆ ಅವನು ಕೊಟ್ಟಷ್ಟೂ ಇತ್ತು. "ಇಲ್ಲೇ ಇದೆಯಲ್ಲ, ಮತ್ತೆ ದನಕ್ಕೆ ಹಾಕಿದ್ದು ಯಾವುದು?" ಎಂದು ಅವನ ಆಳು ಬಾಗಿಲಲ್ಲಿ ಕೇಳಿದ್ದನ್ನು ಕೊಂಗಮಾಲ ಕಿಟಕಿಯಿಂದ ಕೇಳಿದಳು. ಫಾಜಿ, "ಅಳತೆಗೆ ಸರಿ ಇದೆಯಲ್ಲ, ತಗೊಂಡು ಹೋಗು" ಎಂದಳು. ಆಳು ವ್ಯಾಪಾರಿಗೆ ಏನು ಹೇಳಿದನೋ, ಉಣ್ಣೆ ಮಾತ್ರ ಮತ್ತೆ ಬರಲಿಲ್ಲ. ಕೊತ್ವಾಲಿಯ ಕಾಗದದಲ್ಲಿ ಹೆಸರು ಹತ್ತಿದವಳ ನೂಲು ಯಾರಿಗೂ ಬೇಡವಾಗಿತ್ತು.

ಕೊಂಗಮಾಲ ಪ್ರತಿ ವಾರ ಕಿರುಬಾಗಿಲಿನಿಂದ ಒಂದು ಸೇರು ಅಕ್ಕಿ ಕಟ್ಟಿಕೊಂಡು ಹೋಗತೊಡಗಿದಳು. ಮೊದಲ ಸಲ ಫಾಜಿ ಗಂಟು ಇಸಿದುಕೊಂಡು, "ಈ ವರ್ಷ ನಿಮ್ಮ ಮನೇಲಿ ಅಕ್ಕಿ ತುಂಬ ಇದೆ, ಅಲ್ವಾ ಬೆನಿ?" ಎಂದಳು. ಮಕ್ಕಳು ಒಳಗಿನಿಂದ ಓಡಿ ಬಂದು ಗಂಟಿನಲ್ಲಿ ಕೈ ಹಾಕಿ ಹಸಿ ಅಕ್ಕಿಯನ್ನೇ ಬಾಯಿಗೆ ತುಂಬಿಕೊಂಡವು.

"ಸಿಪಾಯಿಗಳು ನಿನ್ನ ಮನೆ ಹುಡುಕಿದ ದಿನ..." ಎಂದು ಕೊಂಗಮಾಲ ಎರಡು ಸಲ ಶುರುಮಾಡಿದಳು. ಎರಡು ಸಲವೂ ಫಾಜಿಗೆ ಒಳಗೆ ಏನೋ ಕೆಲಸ ನೆನಪಾಯಿತು.

ಚೈತ್ರದಲ್ಲಿ, ಬಾದಾಮಿ ಮರಗಳು ಹೂ ಬಿಟ್ಟಾಗ, ಸಿದಿಕ್ ಬಂದ. ಅವನನ್ನು ಇಬ್ಬರು ದೋಣಿಯಿಂದ ಎತ್ತಿ ಇಳಿಸಿದರು. ಎರಡೂ ಪಾದಗಳಿಗೆ ಚಿಂದಿ ಸುತ್ತಿತ್ತು. ಬೆರಳುಗಳು ಹಿಮದಲ್ಲಿ ಕಪ್ಪಾಗಿ ಉದುರಿಹೋಗಿದ್ದವು. ಮಗ್ಗದ ಕೆಳಗಿನ ಮೆಟ್ಟುಗೋಲು ಒತ್ತಲು ಅವನ ಪಾದಗಳಿಗೆ ಆಗಲಿಲ್ಲ. ಒಂದು ವಾರ ನೋಡಿ ಕಾರ್ಖಾನೆಯ ಯಜಮಾನ ಅವನ ಹೆಸರು ಹೊಡೆದುಹಾಕಿದ. ಬದುಕಿರುವ ನೇಕಾರನಿಗೆ ಬಿಡುಗಡೆಯೇ ಇಲ್ಲದ ಆ ಕಾಲದಲ್ಲಿ ಅವನಿಗೆ ಬಿಡುಗಡೆಯಾಯಿತು.

ವಾಸ ಕಾಕ ನೋಡಲು ಹೋದಾಗ ಸಿದಿಕ್ ಗೋಡೆಗೊರಗಿ ಕುಳಿತೇ ಕೈ ಜೋಡಿಸಿದ. "ಕೂತೇ ನಮಸ್ಕಾರ ಪಂಡಿತರೇ, ತಪ್ಪು ತಿಳ್ಕೋಬೇಡಿ. ಈ ಮಗ್ಗದಿಂದ ಬಿಡಿಸ್ಕೊಳ್ಳೋಕೆ ಜನ ಹೆಬ್ಬೆರಳು ಕತ್ತರಿಸ್ಕೊಂಡ್ರು. ನಾನು ಜಾಣ, ಕಾಲ್ಬೆರಳಲ್ಲೇ ಮುಗಿಸಿದೆ."

ವಾಸ ಕಾಕ ನಗಲಾರದೆ ನೆಲ ನೋಡಿದ. ಬಾಗಿಲ ಹೊರಗೆ ನಿಂತಿದ್ದ ಕೊಂಗಮಾಲ ಒಳಗೆ ಬರಲಿಲ್ಲ.

ಫಾಜಿ, ಸಿದಿಕ್, ಮಕ್ಕಳು ಬೆಟ್ಟಗಳಾಚೆಯ ನೂರ್‌ಪುರಕ್ಕೆ ಹೊರಟರು. ಅಲ್ಲಿ ಸಿದಿಕ್‌ನ ತಮ್ಮ ಮಗ್ಗ ಹಾಕಿದ್ದ. ಈ ಕಣಿವೆಯಿಂದ ಹೋದ ನೇಕಾರರದೇ ಅಲ್ಲೊಂದು ಕೇರಿಯಾಗಿತ್ತು. ಫಾಜಿ ನೂಲುತ್ತಾಳೆ, ಸಿದಿಕ್ ನೇಯುವವರಿಗೆ ನಕ್ಷೆಯ ಬಣ್ಣದ ಲೆಕ್ಕ ಓದಿ ಹೇಳುತ್ತಾನೆ. ಅದಕ್ಕೆ ಕಾಲು ಬೇಡ. ಹೊರಡುವ ಬೆಳಿಗ್ಗೆ ಫಾಜಿ ಕಿರುಬಾಗಿಲಿನಿಂದ ಬಂದಳು. ಕೈಯಲ್ಲಿ ಹಿತ್ತಾಳೆಯ ಪಾತ್ರೆ. ಬೂದಿ ಹಾಕಿ ಉಜ್ಜಿದ್ದರಿಂದ ಫಳಫಳ ಹೊಳೆಯುತ್ತಿತ್ತು. ಬರಿಯ ಪಾತ್ರೆ ಹಿಂದಿರುಗಿಸಬಾರದೆಂದು ಒಳಗೆ ಒಂದಿಷ್ಟು ಒಣಗಿದ ಸಿಂಘಾಡ ಹಾಕಿದ್ದಳು.

"ನಿನ್ನ ಪಾತ್ರೆ," ಎಂದಳು.

ಕೊಂಗಮಾಲ ಕೈ ಚಾಚಲಿಲ್ಲ. "ಎಲ್ಲಿತ್ತು?"

"ಉಣ್ಣೆ ಮೂಟೇಲಿ, ವ್ಯಾಪಾರಿಯ ಅಕ್ಕಿ ಗಂಟಿನ ಜೊತೆ. ಅವತ್ತು ಮೊಹರು ಇರೋ ಕಡೆ ಬಿಟ್ಟು ತಳದ ಹೊಲಿಗೆ ಬಿಚ್ಚಿ, ಒಳಗಿಟ್ಟು, ಮತ್ತೆ ಹೊಲಿದೆ. ಸರ್ಕಾರದ ಮೊಹರು ಅಂದ್ರೆ ಸಿಪಾಯಿಗೂ ಭಯ ನೋಡು." ಫಾಜಿ ಸಣ್ಣಗೆ ನಕ್ಕಳು. "ನಿನ್ನ ಹತ್ರ ಬರೋ ಮೊದಲೇ ಇಟ್ಟಿದ್ದೆ."

"ಗೊತ್ತಿತ್ತು ನಿನಗೆ. ನಾನು ಕೇಳಿಸಿಲ್ಲ ಅಂದಾಗಲೂ ಗೊತ್ತಿತ್ತು." ಕೊಂಗಮಾಲ ಹೊಸ್ತಿಲ ಬಳಿಗೆ ಬಂದಳು. "ಬೆನಿ, ನಾನು 'ನಾನೇ' ಅಂತ ಒಂದು ಮಾತು ಅಂದಿದ್ರೆ..."

"ಅನ್ನಲಿಲ್ಲ."

"ಈಗ ಹೇಳ್ತೀನಿ. ಸಿದಿಕ್‌ಗೆ ಹೇಳ್ತೀನಿ. ನಿನ್ನ ಮಗುವಿಗೆ ಕೊಡದ ಅಕ್ಕೀನ ನೀನು ದನಕ್ಕೆ ಹಾಕಿಲ್ಲ ಅಂತ ಅವನಿಗೆ ಗೊತ್ತಾಗಬೇಕು."

"ಬೇಡ." ಫಾಜಿ ಪಾತ್ರೆಯನ್ನು ಹೊಸ್ತಿಲ ಮೇಲೆ ಇಟ್ಟಳು. "ಅವನು ಈಗ ನನ್ನ ಬೈತಾನೆ, ಬೈದು ಮರೀತಾನೆ, ನಾನು ಕಣ್ಣೆದುರಿಗಿರ್ತೀನಿ. ನಿನ್ನ ಹೆಸರು ಹೇಳಿದ್ರೆ ಏನಾಗುತ್ತೆ ಗೊತ್ತಾ? ಪಂಡಿತರು ಅಂದ್ರೆ ಹೀಗೇ ಅಂತಾನೆ. ಮಕ್ಕಳಿಗೆ ಹೇಳ್ತಾನೆ. ನನ್ನ ಹಾಲು ಕುಡಿದ ನಿನ್ನ ಮಗಳನ್ನೂ ಸೇರಿಸಿ ಹೇಳ್ತಾನೆ. ಅಲ್ಲಿ ಹೋಗಿ ಕೂತು ನಾನು ಅದನ್ನ ದಿನಾ ಕೇಳಬೇಕಾ?"

"ಹಾಗಾದ್ರೆ ನಾನೇನು ಮಾಡಲಿ?"

"ನನ್ನ ಕೇಳ್ತೀಯಾ?" ಎಂದಳು ಫಾಜಿ. ಮೊದಲ ಬಾರಿಗೆ ಅವಳ ಮಾತಿನಲ್ಲಿ ಬಿಸಿಯಿತ್ತು. ಆಮೇಲೆ ಅದೂ ಆರಿತು. "ಗುಣವತಿ ಬಂದ್ರೆ ನಾನು ಕೇಳ್ದೆ ಅಂತ ಹೇಳು."

ಓಣಿಯ ತಿರುವಿನಲ್ಲಿ ಸಿದಿಕ್‌ನನ್ನು ಕೂರಿಸಿದ ಕುದುರೆ ಮರೆಯಾಗುವವರೆಗೆ ಕೊಂಗಮಾಲ ನಿಂತಿದ್ದಳು. ಈ ಸಲ ಜಾಲರಿಯ ಹಿಂದೆ ಅಲ್ಲ, ಬಾಗಿಲಲ್ಲಿ. ಫಾಜಿ ತಿರುಗಿ ನೋಡಲಿಲ್ಲ.

ಸಂಜೆ ಕಚೇರಿಯಿಂದ ಬಂದ ವಾಸ ಕಾಕ ಹೊಸ್ತಿಲಲ್ಲೇ ನಿಂತ. "ಇದು ಅಪ್ಪನ ಪಾತ್ರೆ ಅಲ್ವಾ? ತಿಥಿ ಆದ ಮೇಲೆ ಕಂಡೇ ಇರಲಿಲ್ಲ. ಎಲ್ಲಿ ಹೋಗಿತ್ತು?"

ಅವನ ಹಿಂದೆ ಗೋಡೆಯ ಕಿರುಬಾಗಿಲು ತೆರೆದೇ ಇತ್ತು. ಆಚೆ ಖಾಲಿ ಕೊಟ್ಟಿಗೆ. ಹೇಳಿದರೆ ಅವನು ಮೊದಲು ಬೈಯುತ್ತಾನೆ, ಆಮೇಲೆ ಹೆದರುತ್ತಾನೆ, ಆಮೇಲೆ 'ಹೋಗಲಿ ಬಿಡು, ಬೇಕೆಂದು ಮಾಡಿದ್ದಲ್ಲವಲ್ಲ' ಎಂದು ಸಮಾಧಾನ ಹೇಳುತ್ತಾನೆ. ಅವಳಿಗೆ ಗೊತ್ತಿತ್ತು. ಆ ಸಮಾಧಾನ ಕೇಳಬೇಕೆಂದು ಅವಳ ಜೀವ ಎಷ್ಟು ಹಾತೊರೆಯಿತೆಂದರೆ, ಅದನ್ನು ತಾನು ಕೇಳಕೂಡದೆಂದು ಅವಳಿಗೆ ಆಗಲೇ ಗೊತ್ತಾಯಿತು. ಹೇಳುವುದು ಇವನಿಗಲ್ಲ. ಬಾರಾಮುಲ್ಲಾದಿಂದ ಬಂದು ಹಾಲುತಾಯಿ ಎಲ್ಲಿ ಎಂದು ಕೇಳುವ ಮಗಳಿಗೂ ಅಲ್ಲ. ಮುಂದಿನ ತಿಥಿಗೆ ಬರುವ ಪುರೋಹಿತರಿಗೂ ಅಲ್ಲ.

"ಕೊಟ್ಟಿಗೆಯ ಹಿಂದೆ ಬಿದ್ದಿತ್ತಂತೆ," ಎಂದಳು. "ಫಾಜಿ ತಂದುಕೊಟ್ಟಳು."

ಪಾತ್ರೆಯಿಂದ ಸಿಂಘಾಡಗಳನ್ನು ಮೊರಕ್ಕೆ ಸುರಿದು, ಅವುಗಳ ಮುಳ್ಳು ಮುರಿಯಲು ಕುಳಿತಳು.